ಶಾಲೆಯ ಕೈತೋಟ: ಗುಂಡಿ ನಾರಿದರೆ, ಸೊಪ್ಪು ಹಳದಿಯಾದರೆ

ಪ್ರಶ್ನೆ: ನಮ್ಮದು 60 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆ. ಅಡುಗೆಕೋಣೆ ಹಿಂದೆ ಮೂರಡಿ ಗುಂಡಿ ತೆಗೆಸಿ ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ-ಸಾಂಬಾರ್ ಹಾಕಿಸುತ್ತಿದ್ದೇವೆ. ಮಳೆ ಹಿಡಿದ ಮೇಲೆ ವಿಪರೀತ ವಾಸನೆ, ಹುಳು. ಮಕ್ಕಳು ಹತ್ತಿರ ಸುಳಿಯುತ್ತಿಲ್ಲ.
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಗುಂಡಿ ಮುಚ್ಚಿಸಿಬಿಡಿ ಟೀಚರ್. ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಗಾಳಿ ಆಡುವುದಿಲ್ಲ, ಕಸ ಗೊಬ್ಬರವಾಗುವ ಬದಲು ಕೊಳೆತು ನಾರುತ್ತದೆ. ನೆಲದ ಮೇಲೆಯೇ ನಾಲ್ಕು ಗೂಟ ನೆಟ್ಟು, ಸುತ್ತ ಕೋಳಿ ಜಾಲರಿ ಬಿಗಿದು, ಮೂರಡಿ ಉದ್ದ, ಅಗಲ, ಎತ್ತರದ ಗೂಡು ಮಾಡಿ. ಇಟ್ಟಿಗೆಯನ್ನು ಬರಿದೇ ಪೇರಿಸಬೇಡಿ, ಮಕ್ಕಳು ಒರಗಿದರೆ ಕುಸಿಯುತ್ತದೆ. ತಳಕ್ಕೆ ಅರ್ಧ ಅಡಿ ಕಾಯಿ ಮಟ್ಟೆ, ಕಡ್ಡಿ ಹಾಸಿ. ಮೇಲೆ ತೆಂಗಿನ ಗರಿ ಮುಚ್ಚಿ, ಜೋರು ಮಳೆಗೆ ಟಾರ್ಪಾಲು ಎಳೆಯಿರಿ.

ಇನ್ನು ಅಳತೆ. ಒಂದು ಡಬ್ಬ ಹಸಿ ಸಿಪ್ಪೆಗೆ ಅದೇ ಡಬ್ಬದಲ್ಲಿ ಮೂರು ಡಬ್ಬ ಒಣ ಎಲೆ, ಒಂದು ಹಿಡಿ ಮಣ್ಣು. ವಾರಕ್ಕೊಮ್ಮೆ ಅರ್ಧ ಬಕೆಟ್ ಸಗಣಿ ಬಗ್ಗಡ. ಬಹುತೇಕ ಶಾಲೆಗಳು ಎಡವುವುದು ಒಣ ಎಲೆಯ ವಿಷಯದಲ್ಲೇ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಬೇವು ಉದುರಿಸುವ ಎಲೆಯನ್ನು ಗುಡಿಸಿ ಸುಟ್ಟುಬಿಡುತ್ತಾರೆ. ಜೂನ್‌ನಲ್ಲಿ ಸಿಪ್ಪೆ ಇರುತ್ತದೆ, ಎಲೆ ಇರುವುದಿಲ್ಲ. ಬಿಸಿಯೂಟದ ಲೆಕ್ಕದಂತೆ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಎಂದರೆ ನಿಮ್ಮಲ್ಲಿ 3 ಕೆ.ಜಿ. ಅದರಲ್ಲಿ ಸಿಪ್ಪೆ ಹೆಚ್ಚೆಂದರೆ ಅರ್ಧ, ಮುಕ್ಕಾಲು ಕೆ.ಜಿ. ಅಷ್ಟಕ್ಕೆ ಎರಡು ವಾರಕ್ಕೆ ಒಂದು ಅಕ್ಕಿ ಚೀಲ ಎಲೆ ಬೇಕು. ಈ ಬೇಸಿಗೆಯೊಳಗೆ 15 ಚೀಲ ತುಂಬಿಸಿ ನೆನೆಯದ ಕಡೆ ಇಡಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಅನ್ನ-ಸಾಂಬಾರ್ ಮಾತ್ರ ಬೇಡವೇ ಬೇಡ. ಇಲಿ, ನಾಯಿ ಬರುತ್ತವೆ, ಉಪ್ಪು-ಎಣ್ಣೆ ಗೊಬ್ಬರವನ್ನು ಕೆಡಿಸುತ್ತವೆ.

ಹದ ನೋಡುವುದನ್ನು ನಾಲ್ಕನೇ ತರಗತಿಯವರಿಗೆ ವಹಿಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಸುರಿದರೆ ಎಲೆ ಸೇರಿಸಿ, ಮುಷ್ಟಿ ಬಿಟ್ಟೊಡನೆ ಉದುರಿದರೆ ನೀರು ಚಿಮುಕಿಸಿ. ಆಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಗುದ್ದಲಿಯಿಂದ ತಿರುವಿಸಿ. ಮೂಗಿಗೆ ಅಡರುವ ಉಚ್ಚೆಯಂಥ ಘಾಟು ಬಂದರೆ ಸಿಪ್ಪೆ ಹೆಚ್ಚಾಗಿದೆ. ದಪ್ಪ ಕಂದು ಹುಳುಗಳು ಕಂಡರೆ ಸಾಮಾನ್ಯವಾಗಿ ಅವು ಕಪ್ಪು ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಸಿಪ್ಪೆಯನ್ನು ಬೇಗ ಮುಗಿಸುತ್ತವೆ. ನೋಡಲು ಅಸಹ್ಯವಾದರೆ ಎರಡು ಇಂಚು ಎಲೆ ಮುಚ್ಚಿ.

ಪ್ರಶ್ನೆ: ಐದು ವಾರದ ಕಾಂಪೋಸ್ಟ್ ಹಾಕಿ ದಂಟಿನ ಸೊಪ್ಪು ಬಿತ್ತಿದೆವು. ಗೇಣುದ್ದ ಬಂದು ಎಲ್ಲ ಹಳದಿಯಾಯಿತು.
– ಶಿಕ್ಷಕ, ಹಾವೇರಿ ಜಿಲ್ಲೆ

ಉತ್ತರ: ಗೊಬ್ಬರ ಕಳಿತಿರಲಿಲ್ಲ. ಅರೆಬರೆ ಕೊಳೆತ ಎಲೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಶಾಲೆಯ ಸಣ್ಣ ರಾಶಿ ಹೆಚ್ಚು ಬಿಸಿಯೇರದ ಕಾರಣ ಮೂರರಿಂದ ನಾಲ್ಕು ತಿಂಗಳು ಕಾಯಬೇಕು. ಈಗಿರುವ ಪೈರಿಗೆ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ, ಎಲೆಗೆ ತಾಗದಂತೆ ಬುಡಕ್ಕೆ ಒಮ್ಮೆ ಕೊಡಿ. ಒಂದು ವಾರ ಬಿಟ್ಟು, ಚೆನ್ನಾಗಿ ತೊಳೆದು, ಬೇಯಿಸಿಯೇ ಬಳಸಿ.

ಮುಂದಿನ ಸಲ ಹಾಕುವ ಮೊದಲು ಅರ್ಧ ಗೊಬ್ಬರ, ಅರ್ಧ ಮಣ್ಣು ಬೆರೆಸಿದ ಡಬ್ಬದಲ್ಲಿ 10 ಹೆಸರುಕಾಳು ಬಿತ್ತಿಸಿ; ಬರೀ ಮಣ್ಣಿನ ಇನ್ನೊಂದು ಡಬ್ಬದಲ್ಲೂ 10. ಎರಡರಲ್ಲೂ ಒಂದೇ ಸಮ ಮೊಳೆತರೆ ಹಾಕಬಹುದು. ಎರಡೂವರೆ ಅಡಿ ಅಗಲ, ಹತ್ತಡಿ ಉದ್ದದ ಮಡಿಗೆ ಒಂದೂವರೆ ಬಕೆಟ್ ಸಾಕು. ಅಗಲ ಅಷ್ಟೇ ಇರಲಿ, ಮಕ್ಕಳ ಕೈ ಎರಡೂ ಬದಿಯಿಂದ ನಡುವಿಗೆ ಎಟುಕುತ್ತದೆ, ಮಡಿ ತುಳಿಯುವ ಪ್ರಮೇಯವಿಲ್ಲ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜವನ್ನು ಎರಡು ಲೋಟ ಒಣ ಮರಳಲ್ಲಿ ಕಲಸಿ ಚೆಲ್ಲಿಸಿ. ಜೊತೆಗೆ ಸ್ವಲ್ಪ ಅಕ್ಕಿ ನುಚ್ಚು ಉದುರಿಸಿದರೆ ಇರುವೆಗಳು ಬೀಜ ಬಿಟ್ಟು ಅದನ್ನು ಹೊರುತ್ತವೆ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲ. ಪ್ರತಿ ವರ್ಷ ತೋಟ ಒಣಗುತ್ತದೆ.
– ಎಸ್‌ಡಿಎಂಸಿ ಸದಸ್ಯ, ರಾಯಚೂರು ಜಿಲ್ಲೆ

ಉತ್ತರ: ಒಣಗುವಂಥದ್ದನ್ನು ಆ ಕಾಲಕ್ಕೆ ಇಟ್ಟುಕೊಳ್ಳಬೇಡಿ. ಮೆಂತ್ಯ, ದಂಟಿನ ಕೊನೆಯ ಬಿತ್ತನೆ ಫೆಬ್ರವರಿಯಲ್ಲೇ ಮುಗಿಯಲಿ, ಮಾರ್ಚ್ ಕೊನೆಗೆ ಬಿಸಿಯೂಟಕ್ಕೆ ಕಿತ್ತುಬಿಡಬಹುದು. ಖಾಲಿ ಮಡಿಗೆ ಗೊಬ್ಬರ ಹರಡಿ, ಮೇಲೆ ನಾಲ್ಕು ಇಂಚು ಎಲೆ ಅಥವಾ ತೊಗರಿ ಹೊಟ್ಟು ಮುಚ್ಚಿ ಬೀಗ ಹಾಕಿ. ಬೇರೂರಿದ ನುಗ್ಗೆ ಹೇಗೋ ತಡೆಯುತ್ತದೆ. ಎಳೆಯ ಕರಿಬೇವಿಗೆ ಮಾತ್ರ ವಾರಕ್ಕೆರಡು ಬಾರಿ ಒಂದು ಬಕೆಟ್ ನೀರು ಬೇಕು. ಶಾಲೆ ಪಕ್ಕದ ಮನೆಯವರನ್ನು ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳಿ.