ಗಿಡದಲ್ಲಿರುವಾಗಲೇ ಒಣಮೆಣಸಿನಕಾಯಿಯ ಅಂದಾಜು

ಪ್ರಶ್ನೆ: ಬಯಲಿನಲ್ಲಿ 400 ಮೆಣಸಿನ ಸಸಿಗಳನ್ನು ನೆಟ್ಟಿದ್ದೇನೆ. ಕಳೆದ ಬಾರಿಯೂ ಇಷ್ಟೇ ನೆಟ್ಟು, ಕಾಯಿ ತುಂಬಿ ನಿಂತ ನಾಲ್ಕು ಗಿಡಗಳನ್ನು ನೋಡಿ 70 ಕಿಲೋ ಒಣಕಾಯಿ ಸಿಗುವುದೆಂದು ಲೆಕ್ಕ ಹಾಕಿದ್ದೆ. ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಕೊಯ್ಲಿಗೆ ಮುನ್ನ ಸರಿಯಾಗಿ ಅಂದಾಜಿಸುವುದು ಹೇಗೆ?

ಉತ್ತರ: ತಪ್ಪು ಆರಂಭವಾದದ್ದು ಗಿಡಗಳನ್ನು ಆರಿಸಿದಲ್ಲಿಯೇ. ಕಣ್ಣಿಗೆ ಚೆಂದ ಕಂಡ ಗಿಡ ತನ್ನ ಲೆಕ್ಕವನ್ನಷ್ಟೇ ಹೇಳುತ್ತದೆ, ಹೊಲದ ಲೆಕ್ಕವನ್ನು ಹೇಳುವುದಿಲ್ಲ. ಆದ್ದರಿಂದ ಆಯ್ಕೆಯನ್ನು ಕಣ್ಣಿಗೆ ಬಿಡದೆ, 1ರಿಂದ 20ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಪಡೆದು, ಆ ಗಿಡದಿಂದ ಮೊದಲುಗೊಂಡು ಸಾಲು ತಪ್ಪದೆ ಪ್ರತಿ ಇಪ್ಪತ್ತನೆಯದನ್ನು ಗುರುತಿಸಿಕೊಳ್ಳಿ. ಹೆಚ್ಚು ಬೆಳಕು ಪಡೆದು ಸೊಂಪಾಗಿ ಬೆಳೆದ ಬದುವಿನ ಗಿಡಗಳೂ, ನೆರಳಲ್ಲಿ ಸೊರಗಿದವೂ ಆಗ ತಮ್ಮ ಪಾಲಿಗೆ ತಕ್ಕಷ್ಟೇ ಲೆಕ್ಕಕ್ಕೆ ಬರುತ್ತವೆ. ಗುರುತಿಸಿದ ಜಾಗದಲ್ಲಿ ಸಸಿ ಸತ್ತಿದ್ದರೆ ಪಕ್ಕದ ಗಿಡಕ್ಕೆ ಸರಿಯದೆ ಸೊನ್ನೆ ಎಂದೇ ಬರೆದುಕೊಳ್ಳಿ. ಈ ಸೊನ್ನೆಗಳನ್ನು ಬಿಡುವುದರಿಂದಲೇ ಎಷ್ಟೋ ಅಂದಾಜುಗಳು ಉಬ್ಬುತ್ತವೆ.

ಹೂವನ್ನೂ, ಕೊರಕ ಹುಳು ತೂತು ಮಾಡಿದ ಕಾಯಿಯನ್ನೂ, ಕೊಳೆತದ್ದನ್ನೂ ಎಣಿಸಬೇಡಿ. ಉದಾಹರಣೆಗೆ, 20 ಜಾಗಗಳಲ್ಲಿ ಒಟ್ಟು 1,080 ಕಾಯಿಗಳಿದ್ದರೆ ಜಾಗಕ್ಕೆ 54ರಂತೆ 400ಕ್ಕೆ 21,600 ಕಾಯಿಗಳಾದವು. ಹಣ್ಣಾದ 100 ಕಾಯಿಗಳು 500 ಗ್ರಾಂ ತೂಗಿದರೆ ಒಟ್ಟು ಹಸಿ ತೂಕ 108 ಕಿಲೋ.

ಇನ್ನು ನೀರಿನ ಮಾತು. ಹಣ್ಣುಗಾಯಿಯಲ್ಲಿ ನೂರಕ್ಕೆ 75 ಪಾಲು ನೀರಿದೆಯೆಂದಿಟ್ಟುಕೊಂಡರೆ, 108 ಕಿಲೋದಲ್ಲಿ ನೀರು ಕಳೆದು ಉಳಿಯುವುದು 27 ಕಿಲೋ ಮಾತ್ರ. ಕೂಡಿಡಲು ತಕ್ಕಷ್ಟು, ಅಂದರೆ 10 ಪಾಲು ತೇವಾಂಶ ಉಳಿಯುವಂತೆ ಒಣಗಿಸಿದಾಗ ಅದು 30 ಕಿಲೋ ತೂಗುತ್ತದೆ. ನೀರಿನ ಪಾಲು ತಳಿಯಿಂದ ತಳಿಗೆ, ಕಾಯಿ ಎಷ್ಟು ಹಣ್ಣಾಗಿದೆ ಎಂಬುದರ ಮೇಲೆಯೂ ಬದಲಾಗುವುದರಿಂದ, ನನ್ನ ಸಂಖ್ಯೆಯನ್ನು ನಂಬುವ ಬದಲು ತಾವೇ ಒಂದು ಕಿಲೋ ಹಣ್ಣುಗಾಯಿಯನ್ನು ಒಣಗಿಸಿ, ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನುವಂತಾದ ಮೇಲೆ ತೂಗಿ ನೋಡುವುದು ಒಳ್ಳೆಯದು.

ಈ 30 ಕಿಲೋವನ್ನು ಕರಾರುವಾಕ್ಕಾದ ಸಂಖ್ಯೆಯೆಂದು ಹಿಡಿಯಬೇಡಿ. ಇಪ್ಪತ್ತು ಗಿಡಗಳ ಸರಾಸರಿಯಲ್ಲಿ ಏರುಪೇರು ಇದ್ದೇ ಇರುತ್ತದೆ, ಅದನ್ನು ಅರ್ಧಕ್ಕಿಳಿಸಬೇಕಾದರೆ ನಾಲ್ಕು ಪಟ್ಟು ಗಿಡಗಳನ್ನು ಎಣಿಸಬೇಕು. ಅಷ್ಟು ಶ್ರಮಕ್ಕಿಂತ, ಎಣಿಸಿದ ಗಿಡಗಳಿಗೆ ದಾರ ಕಟ್ಟಿ, ಪ್ರತಿ ಬಾರಿ ಬಿಡಿಸಿದಾಗಲೂ ಅವುಗಳ ಕಾಯಿಯನ್ನು ಬೇರೆಯಾಗಿ ತೂಗುವುದು ಹೆಚ್ಚು ಫಲಕಾರಿ. ಮೆಣಸಿನಕಾಯಿ ಒಂದೇ ಬಾರಿಗೆ ಹಣ್ಣಾಗುವುದಿಲ್ಲವಾದ್ದರಿಂದ, ಎಣಿಕೆಯ ನಂತರ ಹೊಸದಾಗಿ ಬಿಟ್ಟ ಕಾಯಿಗಳಿಂದಲೂ ಉದುರಿದವುಗಳಿಂದಲೂ ಒಟ್ಟಾರೆ ಎಷ್ಟು ವ್ಯತ್ಯಾಸವಾಯಿತು ಎಂಬುದು ಈ ತೂಕದಿಂದ ತಿಳಿಯುತ್ತದೆ, ಮತ್ತು ಎರಡನೆಯ ಬಿಡಿಸುವಿಕೆಯ ಹೊತ್ತಿಗೆ ಮೊದಲ ಅಂದಾಜನ್ನು ತಿದ್ದಿಕೊಳ್ಳಬಹುದು.