ಜೋಗದ ಫೋಟೋದಲ್ಲಿ ನೀರು ಪೂರ್ತಿ ಬೆಳ್ಳಗೆ ಹೊಡ್ಕೊಂಡಿದೆ, ಹೈಲೈಟ್ಸ್ (ಅತಿ ಬೆಳಕಿನ ಜಾಗ) ಮೈನಸ್ 100ಕ್ಕೆ ಇಳಿಸಿದ್ರೂ ನೀರಿನ ಎಳೆ ಕಾಣ್ತಿಲ್ಲ, ಬೂದಿ ಬಣ್ಣ ಆಗ್ತಿದೆ, ಸರಿ ಮಾಡ್ಬಹುದಾ?

ರಾ ಫೈಲ್ (ಕ್ಯಾಮೆರಾ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಟ್ಟಿರೋ ಫೈಲ್) ಇದ್ರೆ ಬಹಳಷ್ಟು ವಾಪಸ್ ಬರಬಹುದು, ಬರೀ ಜೆಪೆಗ್ ಇದ್ರೆ ಸ್ವಲ್ಪ ಮಾತ್ರ. ಹೈಲೈಟ್ಸ್ ಸ್ಲೈಡರ್ ಮೈನಸ್ 100ಕ್ಕೆ ಎಳೆದ್ರೂ ನೀರಿನ ಎಳೆ ಕಾಣ್ತಿಲ್ಲ ಅಂತ ಬರೆದಿದ್ದೀರಲ್ಲ, ಅಂದ್ರೆ ನೀವು ತೆರೆದಿರೋ ಫೈಲಲ್ಲಿ ಆ ಜಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚಾನಲ್ ತುಂಬಿ ಹೋಗಿವೆ, ಎಳೆ ರೆಕಾರ್ಡೇ ಆಗಿಲ್ಲ, ಹಾಗಾಗಿ ಸಾಫ್ಟ್‌ವೇರ್ ಆ ಸಪಾಟು ಬಿಳಿಯನ್ನ ಸಪಾಟು ಬೂದಿ ಮಾಡಿ ಕೊಡ್ತಿದೆ ಅಷ್ಟೇ.

ಮೊದಲು ಎಷ್ಟು ಹೋಗಿದೆ ಅಂತ ನೋಡ್ಕೊಳ್ಳಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಜೆ ಕೀ ಒತ್ತಿದ್ರೆ ಸುಟ್ಟು ಹೋದ ಜಾಗ ಕೆಂಪಗೆ ಕಾಣತ್ತೆ, ಹಿಸ್ಟೋಗ್ರಾಮ್ ಅಂದ್ರೆ ಬೆಳಕಿನ ಹಂಚಿಕೆ ತೋರಿಸೋ ಗ್ರಾಫ್, ಅದರ ಬಲಗಡೆ ಮೂಲೇಲಿ ಒಂದು ತ್ರಿಕೋನ ಇದೆಯಲ್ಲ, ಅದು ಬೆಳ್ಳಗಿದ್ರೆ ಮೂರೂ ಚಾನಲ್ ಹೋಗಿದೆ ಅಂತ, ನೀಲಿ ಬಣ್ಣ ತೋರಿಸಿದ್ರೆ ನೀಲಿ ಮಾತ್ರ. ಒಂದೋ ಎರಡೋ ಚಾನಲ್ ಮಾತ್ರ ಹೋಗಿದ್ರೆ ಉಳಿದದ್ದರ ಆಧಾರದ ಮೇಲೆ ರಾ ಫೈಲಿಂದ ವಿವರ ಕಟ್ಟಿಕೊಳ್ಳೋಕೆ ಆಗತ್ತೆ. 14 ಬಿಟ್ ರಾ ಅಂದ್ರೆ ಒಂದೊಂದು ಚಾನಲ್‌ಗೆ 16,384 ಮಟ್ಟ, ಜೆಪೆಗ್‌ನಲ್ಲಿ ಇರೋದು 256, ವ್ಯತ್ಯಾಸ ಅಲ್ಲೇ ಇದೆ. ದುಡ್ಡು ಕೊಡೋದು ಬೇಡ ಅಂದ್ರೆ ಡಾರ್ಕ್‌ಟೇಬಲ್ ಫ್ರೀ, ಅದರಲ್ಲಿ ರಾ ಫೈಲಲ್ಲೇ ಯಾವ ಚಾನಲ್ ಸುಟ್ಟಿದೆ ಅಂತ ತೋರಿಸೋ ಆಪ್ಷನ್ ಇದೆ, ಹೈಲೈಟ್ ರೀಕನ್‌ಸ್ಟ್ರಕ್ಷನ್ ಅನ್ನೋ ಮಾಡ್ಯೂಲೂ ಇದೆ.

ರಾ ಇದ್ರೆ ನಾನು ಮಾಡೋ ಕ್ರಮ ಹೇಳ್ತೀನಿ. ಮೊದಲು ಎಕ್ಸ್‌ಪೋಷರ್ ಇಳಿಸಿ ನೀರಲ್ಲಿ ಎಳೆ ಬರತ್ತಾ ನೋಡ್ತೀನಿ, ಬಂದ್ರೆ ಹೈಲೈಟ್ಸ್ ಇಳಿಸಿ ಆಮೇಲೆ ವೈಟ್ಸ್ ಸ್ವಲ್ಪ ಮೇಲಕ್ಕೆ ತರ್ತೀನಿ. ಈ ಕೊನೇದನ್ನ, ಅಂದ್ರೆ ವೈಟ್ಸ್ ಎತ್ತೋದನ್ನ, ತುಂಬಾ ಜನ ಬಿಟ್ಟುಬಿಡ್ತಾರೆ, ಅದಕ್ಕೇ ನೀರು ಸಿಮೆಂಟ್ ತರ ಕಾಣೋದು. ನೀರಿನ ಅತಿ ಬೆಳಕಿನ ಜಾಗ 92ರಿಂದ 95 ಪರ್ಸೆಂಟ್ ಹತ್ರ ನಿಂತ್ರೆ ನನ್ನ ಕಣ್ಣಿಗೆ ಸರಿ ಅನ್ಸತ್ತೆ, ಬಿಳಿಯಾಗೂ ಇರತ್ತೆ, ಎಳೆಯೂ ಇರತ್ತೆ. ಇದನ್ನೆಲ್ಲ ಇಡೀ ಫೋಟೋಗೆ ಹಾಕ್ಬೇಡಿ, ಲ್ಯೂಮಿನನ್ಸ್ ರೇಂಜ್ ಮಾಸ್ಕ್ (ಬೆಳಕಿನ ಮಟ್ಟ ನೋಡಿ ಜಾಗ ಆರಿಸೋದು) ಹಾಕಿ ನೀರಿಗೆ ಮಾತ್ರ ಮಾಡಿ, ಆಕಾಶವೂ ಅದರಲ್ಲಿ ಸೇರ್ಕೊಂಡ್ರೆ ಅದನ್ನ ಸಬ್‌ಟ್ರಾಕ್ಟ್ ಮಾಡಿ ತೆಗೀರಿ.

ಜೆಪೆಗ್ ಒಂದೇ ಇದ್ರೆ ಹೈಲೈಟ್ಸ್ ಮೈನಸ್ 30, 40ಕ್ಕೆ ನಿಲ್ಲಿಸಿ, ಸುತ್ತಲಿನ ಬಂಡೆ ಮತ್ತೆ ಹಸಿರನ್ನ ಜಾಸ್ತಿ ಬೆಳಗಿಸೋಕೆ ಹೋಗ್ಬೇಡಿ. ಬೂದಿ ನೀರಿಗಿಂತ ಬಿಳಿ ನೀರೇ ವಾಸಿ, ಇದನ್ನ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ.

ಆದ್ರೆ ನಿಜವಾದ ಕೆಲಸ ಇರೋದು ತೆಗೆಯೋವಾಗ್ಲೇ. ಜೋಗದಲ್ಲಿ ಫ್ರೇಮಿನ ಮುಕ್ಕಾಲು ಭಾಗ ಕಪ್ಪು ಬಂಡೆ, ಕಾಡು, ಮಧ್ಯೆ ತೆಳ್ಳಗೆ ನೀರು, ಕ್ಯಾಮೆರಾ ಸರಾಸರಿ ಲೆಕ್ಕ ಹಾಕಿ ಕತ್ತಲೆ ಇದೆ ಅಂದ್ಕೊಂಡು ಬೆಳಕು ಜಾಸ್ತಿ ತಗೊಳತ್ತೆ, ಸುಟ್ಟು ಹೋಗೋದು ನೀರು. ಹಾಗಾಗಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.7ರಿಂದ ಶುರು ಮಾಡಿ, ಹೈಲೈಟ್ ವಾರ್ನಿಂಗ್ (ಸುಟ್ಟ ಜಾಗ ಮಿಣುಕಿಸಿ ತೋರಿಸೋ ಸೆಟ್ಟಿಂಗ್) ಆನ್ ಇಟ್ಕೊಂಡು ನೀರು ಮಿಣುಕೋದು ನಿಲ್ಲೋವರೆಗೂ ಇಳಿಸಿ. ಬಂಡೆ ಕಪ್ಪಾಯ್ತು ಅಂತ ಹೆದರ್ಬೇಡಿ, ಐಎಸ್‌ಓ 100ರಲ್ಲಿ ತೆಗೆದ ರಾ ಫೈಲಲ್ಲಿ ನೆರಳು ಎತ್ತೋದು ಸುಲಭ. ಫೋನಲ್ಲಾದ್ರೆ ನೀರಿನ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬ್ರೈಟ್‌ನೆಸ್ ಕೆಳಗೆ ಎಳೀರಿ. ಬಿಸಿಲು ನೇರ ಬಿದ್ದಿದ್ರೆ ಮೋಡ ಅಡ್ಡ ಬರೋವರೆಗೂ ಕಾಯೋದು ಯಾವ ಎಡಿಟಿಂಗಿಗಿಂತ ಮೇಲು.

ಶಟರ್ ಬಗ್ಗೆ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಹೈಲೈಟ್ ಹೋಗೋಕೆ ಇದೂ ಕಾರಣ. ಎಲ್ಲರೂ ಹಾಲಿನ ತರ ನೀರು ಬೇಕು ಅಂತ ಸೆಕೆಂಡ್‌ಗಟ್ಟಲೆ ಬಿಡ್ತಾರೆ, ಆಗ ಒಂದರ ಮೇಲೊಂದು ಬಿಳಿ ಕೂಡ್ತಾ ಹೋಗಿ ಎಳೆ ಅಳಿಸಿ ಹೋಗತ್ತೆ. ಜೋಗದ ಕವಲುಗಳಲ್ಲಿ ಬಂಡೆ ಮೇಲೆ ಜಾರಿ ಇಳಿಯೋ ರಾಣಿಗೆ 1/4, 1/2 ಸೆಕೆಂಡ್ ಚೆನ್ನಾಗಿರತ್ತೆ, ಆದ್ರೆ ರಾಕೆಟ್‌ನ ಚಂದ ಇರೋದೇ ಆ ಚಿಮ್ಮೋದ್ರಲ್ಲಿ, ಅದಕ್ಕೆ 1/250 ಇಡಿ, ಬಾಣದ ಮೊನೆ ಥರ ಇರೋ ಆಕಾರ ಉಳಿಯತ್ತೆ. 253 ಮೀಟರ್ ಜಲಪಾತವನ್ನ ದೂರದ ವ್ಯೂ ಪಾಯಿಂಟಿಂದ ತೆಗೆಯೋವಾಗ ಫ್ರೇಮಲ್ಲಿ ನೀರು ನಿಧಾನ ಚಲಿಸಿದ ಹಾಗೇ ಕಾಣೋದು, ಅದೂ ಲೆಕ್ಕದಲ್ಲಿರ್ಲಿ. ಬೆಳಕು ಜಾಸ್ತಿ ಇದ್ರೆ 6 ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು) ಎನ್‌ಡಿ ಫಿಲ್ಟರ್, ಅಂದ್ರೆ ಬೆಳಕು ತಡೆಯೋ ಕಪ್ಪು ಗಾಜು ಹಾಕಿ, ಅಪರ್ಚರ್ ಎಫ್/22ರಷ್ಟು ಕಿರಿದು ಮಾಡ್ಬೇಡಿ, ಶಾರ್ಪ್‌ನೆಸ್ ಹೋಗತ್ತೆ. ಪೋಲರೈಸರ್ ಫಿಲ್ಟರ್ ಹಾಕಿದ್ರೆ ಒದ್ದೆ ಬಂಡೆ ಮೇಲಿನ ಹೊಳಪು ಕಮ್ಮಿಯಾಗತ್ತೆ. ಮಳೆಗಾಲದಲ್ಲಿ ತುಂತುರು ಲೆನ್ಸ್ ಮೇಲೆ ಕೂತ್ರೆ ಬಿಳಿ ಜಾಗದ ಸುತ್ತ ಹೊಗೆ ಹರಡಿದ ಹಾಗೆ ಬರತ್ತೆ, ಪ್ರತಿ ಶಾಟಿಗೂ ಮುಂಚೆ ಬಟ್ಟೇಲಿ ಒರೆಸ್ಕೊಳ್ಳಿ.

ಟ್ರೈಪಾಡ್ ಇದ್ರೆ 2 ಸ್ಟಾಪ್ ಅಂತರದಲ್ಲಿ ಡಾರ್ಕ್, ನಾರ್ಮಲ್, ಬ್ರೈಟ್ ಅಂತ ಮೂರು ಫ್ರೇಮ್ ತೆಗೀರಿ. ಆಟೋ ಎಚ್‌ಡಿಆರ್ ಮರ್ಜ್ (ಸಾಫ್ಟ್‌ವೇರೇ ಮೂರನ್ನೂ ಒಂದು ಮಾಡೋದು) ಮಾಡಿದ್ರೆ ನೀರು ಮೂರರಲ್ಲೂ ಬೇರೆ ಬೇರೆ ಇರೋದ್ರಿಂದ ಕಲಸಿ ಹೋಗಬಹುದು, ಅದರ ಬದಲು ಡಾರ್ಕ್ ಫ್ರೇಮಿನ ನೀರು, ನಾರ್ಮಲ್ ಫ್ರೇಮಿನ ಬಂಡೆ ಅಂತ ಲೇಯರ್ ಮಾಸ್ಕಲ್ಲಿ ಕೈಯಾರೆ ಸೇರಿಸಿ. ಮಂಜು ಏಳೋ ಅಂಚಲ್ಲಿ ಬ್ರಷ್ ದೊಡ್ಡದಾಗಿ, ಮೆತ್ತಗೆ ಇರ್ಲಿ, ಇಲ್ಲಾಂದ್ರೆ ಬಂಡೆ ಸುತ್ತ ಗೆರೆ ಎಳೆದ ಹಾಗೆ ಕಾಣತ್ತೆ.