6 ತಿಂಗಳ ಮಗುವಿಗೆ ಮನೆ ಊಟ, ಲೋಟದ ನೀರು ಯಾವಾಗ, ಹೇಗೆ ಶುರು ಮಾಡಬೇಕು?

ಸುಮಾರು 6 ತಿಂಗಳಿಗೆ ಎರಡನ್ನೂ ಒಟ್ಟಿಗೇ ಶುರು ಮಾಡಬಹುದು. ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು. ಚೆನ್ನಾಗಿ ಬೆಂದ ಬೇಳೆ ಅಥವಾ ಕ್ಯಾರೆಟ್ ಅನ್ನು ನುಣ್ಣಗೆ ಕಿವುಚಿ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಲಿ. ಮೊದಲಿಗೆ 2-3 ಚಮಚ ಸಾಕು. ನಾಲಿಗೆಯಿಂದ ಹೊರಗೆ ತಳ್ಳಿತು ಅಂದ್ರೆ ರುಚಿ ಹಿಡಿಸಲಿಲ್ಲ ಅಂತಲ್ಲ, ನುಂಗುವುದನ್ನು ಇನ್ನೂ ಕಲಿಯುತ್ತಿದೆ ಅಷ್ಟೇ. ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ 1 ವರ್ಷದವರೆಗೆ ಖಂಡಿತ ಬೇಡ, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಲೋಟಕ್ಕೆ ಮುಚ್ಚಳ, ಮೂತಿ ಏನೂ ಬೇಕಿಲ್ಲ. ಪುಟ್ಟ ಲೋಟದಲ್ಲಿ ಕುದಿಸಿ ಆರಿಸಿದ ನೀರು ಎರಡೇ ಗುಟುಕು ಹಾಕಿ. ಅಂಚನ್ನು ಕೆಳತುಟಿಗೆ ತಾಗಿಸಿ, ನೀರು ತುಟಿ ಮುಟ್ಟುವಷ್ಟು ಮಾತ್ರ ಓರೆ ಮಾಡಿ. ಸುರಿಯಬೇಡಿ, ಮಗು ತಾನೇ ಹೀರಲಿ. ಅಂಗಿ ಒದ್ದೆಯಾಗುತ್ತೆ, ಆಗಲಿ ಬಿಡಿ. ಹಾಲೂಡಿಸುವುದನ್ನು ಮಾತ್ರ ಕಡಿಮೆ ಮಾಡಬೇಡಿ.